ಹತ್ತನೇ ನಂಬರಿನ ರಿವರ್ಸ್

ಸೋಮವಾರ ಬೆಳಿಗ್ಗೆ ಹೆಂಡತಿಯನ್ನು ಕರೆಯಲೆಂದು ಬಾಯಿ ತೆರೆದರೆ ಪರೀಕ್ಷಕನ ಗಂಟಲಿನಿಂದ ಗಾಳಿಯೊಂದನ್ನು ಬಿಟ್ಟು ಬೇರೇನೂ ಹೊರಡಲಿಲ್ಲ. ಶನಿವಾರ ಸಂಜೆ ರಗ್ಬಿ ಮೈದಾನದಲ್ಲಿ ಕೂಗಿದ ಕೂಗು ಭಾನುವಾರವಿಡೀ ಗಂಟಲಿನಲ್ಲಿ ಕೂತು ಕೆರೆದು, ಈಗ ದನಿಯನ್ನೇ ಎತ್ತಿಕೊಂಡು ಹೋಗಿತ್ತು. ಬಚ್ಚಲಿನ ಕನ್ನಡಿಯ ಮುಂದೆ ತಲೆ ಮೇಲೆತ್ತಿ ಉಪ್ಪುನೀರು ಮುಕ್ಕಳಿಸುವಾಗ ತನ್ನ ಮೂಗಿನ ಹೊಳ್ಳೆಗಳೂ ಗದ್ದದಡಿಯ ಜೋಲು ಚರ್ಮವೂ ಕಂಡು, ಅಂದು ಎದ್ದು ನಿಂತು ಕೂಗಿದಾಗ ಕೆಳಗಿನ ಸಾಲಿನವರಿಗೆ ತಾನು ಕಂಡದ್ದು ಹೀಗೆಯೇ ಇರಬೇಕು ಎನ್ನಿಸಿ ಮುಕ್ಕಳಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ. ಹೆಂಡತಿ ಬಾಗಿಲಿಗೆ ಒರಗಿ, ಅಂತೂ ಮನೆಯಲ್ಲಿ ಎರಡು ದಿನ ನೆಮ್ಮದಿ ಎಂದಳು. ತಮಾಷೆಗೇ ಅಂದದ್ದು. ಆದರೂ ಅವನು ಮುಖ ಊದಿಸಿಕೊಂಡ. ವಾರವಿಡೀ ಅಪರಿಚಿತರ ಪಕ್ಕದ ಸೀಟಿನಲ್ಲಿ ಕೂತು, ಇವರು ಕಾರು ಓಡಿಸಲು ಯೋಗ್ಯರೋ ಅಲ್ಲವೋ ಎಂದು ತೀರ್ಪು ಕೊಡುವುದು ಅವನ ಕೆಲಸ. ಶನಿವಾರ ಗ್ಯಾಲರಿಯಲ್ಲಿ ಕೂತು ಊರಿನ ರಗ್ಬಿ ತಂಡದ ಹದಿನೈದು ಮಂದಿಯ ಮೇಲೆ ತೀರ್ಪು ಕೊಡುವುದು ಅವನ ವಿಶ್ರಾಂತಿ. ಸ್ವಂತ ಕಾರನ್ನು ಓಡಿಸುವುದು ಮಾತ್ರ ಹೆಂಡತಿ. ಅವಳು ಓಡಿಸುವಾಗ ಅವನು ಹಿಂದಿನ ಸೀಟಿನಲ್ಲಿ ಕೂರಬೇಕು, ಪಕ್ಕದಲ್ಲಲ್ಲ, ತುಟಿ ಬಿಚ್ಚಕೂಡದು. ಇದು ಮದುವೆಯಾದ ಹೊಸದರಲ್ಲೇ ಆದ ಒಪ್ಪಂದ, ಇಂದಿಗೂ ಮುರಿದಿಲ್ಲ.

ಕಚೇರಿಗೆ ನಡೆದು ಹೋಗುವ ದಾರಿಯಲ್ಲೇ ಬಾಮೈದನ ಔಷಧಿ ಅಂಗಡಿ. ಇವನು ಒಳಗೆ ಕಾಲಿಟ್ಟು ಗಂಟಲು ಮುಟ್ಟಿ ತೋರಿಸುವುದರೊಳಗೆ ಅವನು ಚಪ್ಪರಿಸುವ ಮಾತ್ರೆಯ ಪಟ್ಟಿಯೊಂದನ್ನು ಗಾಜಿನ ಮೇಲೆ ಜಾರಿಸಿದ. “ಗಂಟಲಿಗೆ ಇದು ಭಾವ,” ಎಂದ. “ಉಳಿದಿದ್ದಕ್ಕೆ ನಮ್ಮ ಅಂಗಡೀಲಿ ಏನೂ ಇಲ್ಲ.” ಹೇಳಿ, ಬೇರೊಬ್ಬ ಗಿರಾಕಿಯ ಕಡೆ ತಿರುಗಿದ. ಬಾಮೈದ ಹಿಂದೆಂದೂ ಹೀಗೆ ಅರ್ಧ ಮಾತಾಡಿ ತಿರುಗಿಕೊಂಡವನಲ್ಲ. ಅಕ್ಕನ ಗಂಡನೆಂದರೆ ಅವನಿಗೆ ಇನ್ನೂ ಒಂದಿಷ್ಟು ಭಯಭಕ್ತಿ. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ರಸ್ತೆಗಿಳಿದ ಪರೀಕ್ಷಕನಿಗೆ ಅದು ಸಿಹಿಯಾಗಿದ್ದದ್ದೇ ಅವಮಾನವೆನ್ನಿಸಿತು. ಕೂಗಿದ್ದು ನಾನೊಬ್ಬನೇ ಏನು, ಹಿಂದೆಯೇ ಇಡೀ ಗ್ಯಾಲರಿ ಕೂಗಲಿಲ್ಲವೇ ಎಂದು ಮನಸ್ಸಿನಲ್ಲೇ ಬಾಮೈದನ ಜೊತೆ ವಾದಕ್ಕೆ ನಿಂತ. ಅದೇ ತೊಂದರೆ, ಮೊದಲು ಕೂಗಿದ್ದು ನೀವು ಎಂದು ಬಾಮೈದ, ಪಾಪ ಬಾಯಿಯೇ ತೆರೆಯದೆ, ಇವನ ತಲೆಯೊಳಗೆ ಉತ್ತರ ಕೊಟ್ಟ.

ಅವರದ್ದೊಂದು ಪದ್ಧತಿಯಿತ್ತು. ಮ್ಯಾಚು ಮುಗಿದು ಜನವೆಲ್ಲ ಎದ್ದು ಹೋದ ಮೇಲೂ ಮೂವರು, ಪರೀಕ್ಷಕ, ಬಾಮೈದ ಮತ್ತು ಮುಂದಿನ ಸಾಲಿನ ಬೇಕರಿಯ ಅಕ್ಕ, ಗುಡಿಸುವವರು ಬಂದು ಸ್ವಲ್ಪ ಕಾಲೆತ್ತಿ ಅನ್ನುವವರೆಗೂ ಅಲ್ಲೇ ಕೂರುತ್ತಿದ್ದರು. ಒಂದನೇ ನಂಬರಿನವನಿಂದ ಹಿಡಿದು ಹದಿನೈದನೆಯವನವರೆಗೆ ಒಬ್ಬೊಬ್ಬನನ್ನೂ ತೆಗೆದುಕೊಂಡು, ಹೋದ ವರ್ಷಕ್ಕಿಂತ ಈ ವರ್ಷ ಏನು ಕಲಿತ, ಏನು ಮರೆತ, ಎಲ್ಲಿ ಕಳ್ಳಬಿದ್ದ ಎಂದು ಜಾಲಾಡುತ್ತಿದ್ದರು. ಸರದಿ ಬರುವ ಮೊದಲು ಯಾರ ಸುದ್ದಿಯನ್ನೂ ಎತ್ತುವಂತಿಲ್ಲ. ಇನ್ನೊಂದು ನಿಯಮ ಅಕ್ಕನದು: ತಪ್ಪು ಕಂಡುಹಿಡಿದವರು ಅದನ್ನು ತಿದ್ದುವ ಅಭ್ಯಾಸವನ್ನೂ ಹೇಳಬೇಕು, ಹೇಳಲಾರದವರು ತೆಪ್ಪಗಿರಬೇಕು. ಎಂಟನೆಯವನು ಎದುರಾಳಿಯನ್ನು ಎದೆಯೆತ್ತರಕ್ಕೆ ಹೋಗಿ ಹಿಡಿಯುತ್ತಾನೆಂದು ಪರೀಕ್ಷಕ ದೂರಿದರೆ, ಸೊಂಟದ ಮಟ್ಟಕ್ಕೆ ಹಗ್ಗ ಕಟ್ಟಿ ಅದರಡಿ ಓಡಿಸಬೇಕೆಂದು ಮದ್ದನ್ನೂ ಅವನೇ ಹೇಳಬೇಕು. ಹತ್ತನೆಯವನು ಹೊಸದಾಗಿ ತಂಡಕ್ಕೆ ಬಂದಾಗ ಮಳೆಯಲ್ಲಿ ಅವನ ಕೈಯಿಂದ ಚೆಂಡು ಸೋಪಿನಂತೆ ಜಾರುತ್ತಿತ್ತು. ಕೈಗೆ ಎಣ್ಣೆ ಹಚ್ಚಿಕೊಂಡು ಅಭ್ಯಾಸ ಮಾಡಲಿ ಎಂದಳು ಅಕ್ಕ. ಮುಂದಿನ ವರ್ಷ ಮಳೆಯಲ್ಲಿ ಅವನಷ್ಟು ಗಟ್ಟಿ ಕೈ ಬೇರೆ ಯಾವ ತಂಡದಲ್ಲೂ ಇರಲಿಲ್ಲ. ಆ ಮದ್ದು ಹೇಗೋ ಗಾಳಿಯಲ್ಲಿ ತೇಲಿ ಹೋಗಿ ಅವನ ಕಿವಿಗೆ ಬಿದ್ದಿರಬೇಕೆಂದು ಮೂವರೂ ಒಳಗೊಳಗೇ ನಂಬಿಕೊಂಡರು. ಅಂದಿನಿಂದ ಹತ್ತನೆಯವನು ಅವರೇ ಸಾಕಿ ಬೆಳೆಸಿದ ಹುಡುಗನಂತಾದ. ಅವನು ಒಳ್ಳೆಯ ಪಾಸ್ ಕೊಟ್ಟರೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಂದೆತಾಯಿಯರ ಹಾಗೆ ಬೀಗುತ್ತಿದ್ದರು.

ಬೀಗಿದವರಿಗೇ ಉರಿಯುವುದೂ ಜಾಸ್ತಿ. ರಗ್ಬಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಮೈ ಮುಂದಕ್ಕೆ ಓಡುತ್ತಿರಬೇಕು, ಚೆಂಡು ಹಿಂದೆ ಬರುತ್ತಿರುವ ಜೊತೆಗಾರನಿಗೆ ಹೋಗಬೇಕು. ಶನಿವಾರ ಆಟ ಇನ್ನೇನು ಮುಗಿಯಿತು, ಗೆದ್ದೆವು ಅನ್ನುವಾಗ ಹತ್ತನೆಯವನು ಚೆಂಡು ಹಿಡಿದು ಓಡುತ್ತಾ, ಕತ್ತನ್ನು ಕೂದಲೆಳೆಯಷ್ಟೂ ತಿರುಗಿಸದೆ, ಹಿಂದಕ್ಕೆ ಎಸೆದ. ಅಲ್ಲಿ ಯಾರೂ ಇರಲಿಲ್ಲ. ಹನ್ನೆರಡನೆಯವನು ಜಾರಿ ಮಕಾಡೆ ಮಲಗಿದ್ದ. ಎದುರಾಳಿ ಚೆಂಡನ್ನು ಬಾಚಿಕೊಂಡು ಇಡೀ ಮೈದಾನ ಓಡಿ ಗೆದ್ದುಬಿಟ್ಟ. ಅಷ್ಟು ಸಾವಿರ ಜನ ಒಟ್ಟಿಗೇ ಉಸಿರು ಹಿಡಿದ ಆ ಗಳಿಗೆಯಲ್ಲಿ ಪರೀಕ್ಷಕ ಎದ್ದು ನಿಂತಿದ್ದ. ಏಕೆ ಎದ್ದನೋ, ಏಕೆ ಕೂಗಿದನೋ. “ಹೋಗೋ, ಮನೆಗೆ ಹೋಗಿ ತೊಟ್ಟಿಲು ತೂಗು. ನಿನ್ನ ಕೈಗೆ ಅದೇ ಸರಿ.” ಹತ್ತನೆಯವನ ಹೆಂಡತಿ ತುಂಬಿದ ಬಸುರಿಯೆಂಬುದು ಊರಿಗೇ ಗೊತ್ತಿತ್ತು, ಅಂಕ ಗಳಿಸಿದಾಗಲೆಲ್ಲ ಅವನು ಚೆಂಡನ್ನು ಅಂಗಿಯೊಳಗೆ ತುರುಕಿ ಹೊಟ್ಟೆ ಮಾಡಿಕೊಂಡು ಕುಣಿಯುತ್ತಿದ್ದ, ಆಗೆಲ್ಲ ಈ ಪರೀಕ್ಷಕನೂ ಕುಣಿದಿದ್ದ. ಸುತ್ತಲಿನವರು ನಕ್ಕರು. ನಕ್ಕಾಗ ಒಂದು ಕ್ಷಣ, ನಿಜ ಹೇಳಬೇಕೆಂದರೆ, ಅವನಿಗೆ ಹಿತವಾಗಿತ್ತು. ಆಮೇಲೆ ಯಾರೋ ಚಪ್ಪಾಳೆ ಹಾಕುತ್ತಾ ತೊಟ್ಟಿಲು, ತೊಟ್ಟಿಲು ಎಂದರು, ಅದು ಸಾಲಿನಿಂದ ಸಾಲಿಗೆ ಹಬ್ಬಿತು, ಹತ್ತನೆಯವನು ಬಿಸಿಲಿಗೆ ಕೈ ಅಡ್ಡ ಹಿಡಿದು ಸರಿಯಾಗಿ ಇವರ ಕಡೆಗೇ ತಲೆಯೆತ್ತಿ ನೋಡಿದ. ಪರೀಕ್ಷಕ ಕೂತುಬಿಟ್ಟ. ಜನ ಹೋದ ಮೇಲೆ ಪದ್ಧತಿಯಂತೆ ಒಂಬತ್ತು ಮಂದಿಯ ವಿಚಾರ ಮುಗಿದು ಹತ್ತನೆಯವನ ಸರದಿ ಬಂದಾಗ ಬೇಕರಿಯ ಅಕ್ಕ ಇವನತ್ತ ತಿರುಗಿ, ತಪ್ಪು ಹೇಳಿಯಾಯಿತಲ್ಲ, ಮದ್ದು ಏನು ಎಂದು ಕೇಳಿದಳು. ಅವನು ಷರ್ಟಿನ ಗುಂಡಿ ತಿರುಗಿಸುತ್ತಾ ಕೂತ. ಹನ್ನೊಂದನೆಯವನ ಮಾತು ಅಂದು ಬರಲೇ ಇಲ್ಲ.

ಕಚೇರಿಯ ಅಂಗಳದಲ್ಲಿ ಎಂದಿನಂತೆ ಅಭ್ಯರ್ಥಿಗಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎಲ್ಲ ಊರಿನ ಇಂಥ ಬೆಂಚಿನ ಮೇಲೂ ಕೂರುವವರ ಮುಖ ಒಂದೇ ಥರ. ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ. ಪರೀಕ್ಷಕ ಮಾತ್ರೆಯ ಕೊನೆಯ ಚೂರನ್ನು ನುಂಗಿ ಮೊದಲ ಹಾಳೆಯ ಹೆಸರನ್ನು ಇದ್ದ ಅರ್ಧ ದನಿಯಲ್ಲಿ ಓದಿದ. ಓದಿದ ಮೇಲೆ ಅದು ತಲೆಗೆ ಹೋಯಿತು. ಅಂಗಿಯ ಬೆನ್ನಿನ ಮೇಲೆ ಮೂರು ವರ್ಷದಿಂದ ಅವನು ಓದುತ್ತಿದ್ದ ಹೆಸರು. ಬೆಂಚಿನ ತುದಿಯಿಂದ ಎದ್ದು ನಿಂತವನು ಅಷ್ಟೇನೂ ಎತ್ತರದವನಲ್ಲ. ಇಸ್ತ್ರಿ ಮಾಡಿದ ಷರ್ಟು, ಎರಡು ಬೆರಳನ್ನು ಜೋಡಿಸಿ ಸುತ್ತಿದ ಬಿಳಿ ಪಟ್ಟಿ, ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲುಗಳಲ್ಲಿ ಜಜ್ಜಿ ಜಜ್ಜಿ ಕಡುಬಿನಂತಾದ ಕಿವಿ. ಮೈದಾನದಲ್ಲಿ ಗೋಡೆಯಂತೆ ಕಾಣುವವನು ಇಲ್ಲಿ ಬ್ಯಾಂಕಿನ ಗುಮಾಸ್ತನ ಹಾಗಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಾರಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ಕೂತಲ್ಲಿಂದಲೇ ಕೈಚಾಚಿ ಅವನ ಕಾಲರು ಸರಿ ಮಾಡಿದಳು. ಅವಳ ಹೊಟ್ಟೆಯ ಮೇಲೆ ಚೀಲವೊಂದು ಮೇಜಿನ ಮೇಲಿಟ್ಟ ಹಾಗೆ ಕೂತಿತ್ತು. ಇಷ್ಟು ದಿನ ಇವರನ್ನ ಓಡಾಡಿಸಿದ್ದು ನಾನೇ, ಇನ್ನು ಸ್ಟೇರಿಂಗಿಗೂ ನನಗೂ ಮಧ್ಯೆ ಜಾಗವೇ ಉಳಿದಿಲ್ಲ, ಇವತ್ತು ಹೇಗಾದರೂ ಪಾಸು ಮಾಡಿಬಿಡಿ ಎಂದು ಅವಳು ಪರೀಕ್ಷಕನಿಗೆ ನಗುತ್ತಾ ಹೇಳಿದಳು. ಅವಳ ನಗು ಇವನಿಗೆ ಚುಚ್ಚಿತು.

ಪರಿಚಯದವರನ್ನು, ನಂಟರನ್ನು ತಾವೇ ಪರೀಕ್ಷೆ ಮಾಡಕೂಡದೆಂಬುದು ಕಚೇರಿಯ ನಿಯಮ. ಪಕ್ಕದ ಕೋಣೆಯ ಸಹೋದ್ಯೋಗಿಗೆ ಹಾಳೆಯನ್ನು ದಾಟಿಸಿಬಿಟ್ಟರೆ ಮುಗಿಯಿತು. ಆದರೆ ಇವನು ನನಗೆ ಪರಿಚಯವೇ? ಒದೆಯುವ ಮೊದಲು ಎಡಕಿವಿ ಮುಟ್ಟಿಕೊಳ್ಳುತ್ತಾನೆಂದು ಗೊತ್ತು, ಸುಸ್ತಾದಾಗ ಬಲ ಭುಜ ಇಳಿಬೀಳುತ್ತದೆಂದು ಗೊತ್ತು, ಹೋದ ವರ್ಷ ಉಳುಕಿದ್ದು ಯಾವ ಕಾಲೆಂದು ಗೊತ್ತು. ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಾನೋ ಇಲ್ಲವೋ ಗೊತ್ತಿಲ್ಲ. ಅಲ್ಲದೆ, ಏಕೆ ದಾಟಿಸುತ್ತಿದ್ದೀರಿ ಎಂದು ಸಹೋದ್ಯೋಗಿ ಕೇಳಿದರೆ ಏನೆನ್ನುವುದು? ಇವನ ಬಸುರಿ ಹೆಂಡತಿಯನ್ನು ಎಳೆದು ತಂದು ಸಾವಿರಾರು ಜನರ ಮುಂದೆ ಕೂಗಿದವನು ನಾನು, ಅದಕ್ಕೇ ಎಂದೇ? ಹೇಳಲು ನಾಚಿಕೆ, ನಾಚಿಕೆಗೆ ಕರ್ತವ್ಯವೆಂಬ ಕೋಟು ತೊಡಿಸಿ, ಬನ್ನಿ ಎಂದು ಪಿಸುಗುಟ್ಟಿ ಪರೀಕ್ಷಕ ಮುಂದೆ ನಡೆದ.

ಪಿಸುಮಾತು ಅವನನ್ನು ಕಾಪಾಡಿತು. ಎಡಕ್ಕೆ, ಬಲಕ್ಕೆ, ಮುಂದಿನ ತಿರುವಿನಲ್ಲಿ ನಿಧಾನ, ಎಲ್ಲವನ್ನೂ ಗಾಳಿಯಲ್ಲೇ ಹೇಳಿದ. ಹತ್ತನೆಯವನು ಶೀತವೇ ಸಾರ್ ಎಂದು ವಿಚಾರಿಸಿಕೊಂಡ, ಪರೀಕ್ಷಕ ಹೂಂ ಎಂದ. ದನಿಯಿಲ್ಲದ ಕಾರಣ ಗುರುತು ಸಿಕ್ಕಿಲ್ಲವೆಂದು ಮೊದಲು ಸಮಾಧಾನವಾಯಿತು, ಹಾಗೆ ಸಮಾಧಾನವಾದದ್ದಕ್ಕೆ ಹೇಸಿಗೆಯಾಯಿತು, ಇವೆರಡರ ನಡುವೆ ಕಾರು ಚೆನ್ನಾಗಿ ಓಡುತ್ತಿತ್ತು. ಸ್ಟೇರಿಂಗನ್ನು ಹಿಡಿದಿದ್ದ ಕೈ ಚೆಂಡು ಹಿಡಿದಷ್ಟೇ ಹಗುರವಾಗಿತ್ತು. ಹೊಸಬರು ಹಗ್ಗ ಜಗ್ಗಿದಂತೆ ಹಿಡಿಯುತ್ತಾರೆ. ಶಾಲೆಯ ಮುಂದೆ ತಾನಾಗಿ ವೇಗ ಇಳಿಸಿದ. ಊರುಗೋಲಿನ ಮುದುಕರೊಬ್ಬರು ರಸ್ತೆಗೆ ಒಂದು ಕಾಲಿಟ್ಟು ಹಿಂದಕ್ಕೆಳೆದುಕೊಂಡು ಮತ್ತೆ ಇಟ್ಟಾಗ, ಹಾರ್ನ್ ಮಾಡದೆ, ಮುಖ ಸಿಂಡರಿಸದೆ ನಿಂತ. ಅವರು ದಾಟಿದ ಮೇಲೆ ಕೈಯೆತ್ತಿ ನಮಸ್ಕಾರವನ್ನೂ ಮಾಡಿದ. ಇದನ್ನು ಬಾಮೈದನಿಗೆ ಹೇಳಬೇಕು, ಒತ್ತಡದಲ್ಲಿ ತಾಳ್ಮೆ ಎಷ್ಟು ಬೆಳೆದಿದೆ ನೋಡು ಎಂದುಕೊಂಡ ಪರೀಕ್ಷಕ, ತಾನು ಈಗ ಗ್ಯಾಲರಿಯಲ್ಲಿ ಕೂತಿಲ್ಲವೆಂಬುದನ್ನು ಮರೆತು. ಮೂರು ವರ್ಷ ಅಷ್ಟು ದೂರದಿಂದ ನೋಡಿದ್ದ ಮನುಷ್ಯ ಈಗ ಮೊಣಕೈ ತಾಗುವಷ್ಟು ಹತ್ತಿರ. ಅವನ ಕುತ್ತಿಗೆಯ ಮೇಲೆ ಶನಿವಾರದ್ದೇ ಇರಬೇಕು, ಬೂಟಿನ ಗೀರು. ಕಪ್ಪುಗಟ್ಟಿದ ಹೆಬ್ಬೆರಳಿನ ಉಗುರು. ಗೇರು ಬದಲಿಸುವಾಗಲೊಮ್ಮೆ ನೋವಿಗೆ ತುಟಿ ಕಚ್ಚುತ್ತಿದ್ದ. ನೋಯುತ್ತದೆ ಎಂಬ ಸಣ್ಣ ವಿಷಯ ಗ್ಯಾಲರಿಯಿಂದ ಕಾಣುವುದೇ ಇಲ್ಲ ಎಂದು ಅವನಿಗೆ ಅನ್ನಿಸಿತು, ಇದನ್ನು ತಾನು ಇಷ್ಟು ವಯಸ್ಸಿಗೆ ಯೋಚಿಸುತ್ತಿರುವುದು ಮೊದಲ ಸಲವೆಂದೂ ಅನ್ನಿಸಿತು.

ಕೊನೆಯದು ರಿವರ್ಸ್. ಕಚೇರಿಯ ಅಂಗಳದ ಆಚೆ ತುದಿಯಲ್ಲಿ ನೆಟ್ಟ ಕಂಬಗಳ ನಡುವಿನ ಜಾಗಕ್ಕೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಪಕ್ಕದ ರಸ್ತೆಯಲ್ಲಿ ಲಾರಿಯೊಂದು ಭೋರ್ಗರೆಯುತ್ತಾ ಹೋಗುತ್ತಿತ್ತು. ಪಿಸುಮಾತು ಕೇಳಿಸಲಿಲ್ಲ, ಏನಂದಿರಿ ಸಾರ್ ಎಂದು ಹತ್ತನೆಯವನು ಬಾಗಿದ. ಪರೀಕ್ಷಕ ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ, ಹಿಂದಕ್ಕೆ ತಗೊಳ್ಳಿ ಎಂದು ಕೂಗಿದ. ಒಡೆದ ದನಿ ಆ ಸಣ್ಣ ಕಾರಿನ ತುಂಬ ತುಂಬಿತು. ಹತ್ತನೆಯವನ ಕಡುಬುಗಿವಿ ಮಿಸುಕಾಡಿದ ಹಾಗಾಯಿತು. ಅವನು ಗೇರು ಹಾಕಿ, ಕನ್ನಡಿಗೆ ಒಂದು ಕಳ್ಳನೋಟ ಕೊಟ್ಟು, ಕತ್ತನ್ನು ಕೂದಲೆಳೆಯಷ್ಟೂ ತಿರುಗಿಸದೆ, ಎದುರಿನ ಗೋಡೆಯನ್ನೇ ನೋಡುತ್ತಾ, ಒಂದೇ ಏಟಿಗೆ ಕಾರನ್ನು ಕಂಬಗಳ ನಡುವೆ ಕೂರಿಸಿಬಿಟ್ಟ. ಎರಡೂ ಕಡೆ ಸಮಸಮ ಜಾಗ. ಇಷ್ಟು ವರ್ಷದ ಕೆಲಸದಲ್ಲಿ ಪರೀಕ್ಷಕ ಇಂಥ ರಿವರ್ಸ್ ನೋಡಿರಲಿಲ್ಲ. ಚಪ್ಪಾಳೆ ಹೊಡೆಯಲು ಕೈಯೆತ್ತಿಯೇಬಿಟ್ಟಿದ್ದ. ಎತ್ತಿದ ಕೈಯಲ್ಲಿ ಪೆನ್ನಿತ್ತು. ಕತ್ತು ತಿರುಗಿಸಿ ಹಿಂದೆ ನೋಡದೆ ರಿವರ್ಸ್ ತೆಗೆದುಕೊಂಡವರು, ಎಷ್ಟೇ ಚಂದ ತೆಗೆದುಕೊಂಡಿರಲಿ, ಫೇಲು. ಅದರಲ್ಲಿ ಕೊಸರಾಟವಿಲ್ಲ. ಹೋದ ವಾರ ಇದೇ ತಪ್ಪಿಗೆ ಒಬ್ಬ ಹೆಡ್‌ಮಾಸ್ತರರನ್ನು ಫೇಲು ಮಾಡಿದ್ದ, ಅವರು ಎಷ್ಟು ದಬಾಯಿಸಿದರೂ ಜಗ್ಗಿರಲಿಲ್ಲ. ಆದರೆ ಪೆನ್ನು ಈಗ ಕಾಗದದ ಮೇಲೆ ನಿಂತಲ್ಲೇ ನಿಂತಿತು. ಪಾಸು ಮಾಡಿದರೆ ಅದು ಶನಿವಾರದ ಬಾಯಿಗೆ ಇಂದು ಕೊಡುವ ಲಂಚ. ಫೇಲು ಮಾಡಿದರೆ, ಮೈದಾನದಲ್ಲಿ ಬೈದದ್ದು ಸಾಲದೆಂದು ಇಲ್ಲೂ ಕಾಲೆಳೆದ ಹಾಗೆ. ಇಷ್ಟು ವರ್ಷ ಯಾರನ್ನು ಪಾಸು ಮಾಡಿದರೂ ಫೇಲು ಮಾಡಿದರೂ ರಾತ್ರಿ ನಿದ್ದೆ ಬರುತ್ತಿದ್ದದ್ದು ತೀರ್ಪು ಶುದ್ಧವಾಗಿದೆ ಎಂಬ ಒಂದೇ ಧೈರ್ಯದಿಂದ. ಆ ಧೈರ್ಯವನ್ನು ಶನಿವಾರ ಒಂದೇ ಕೂಗಿನಲ್ಲಿ ಖರ್ಚು ಮಾಡಿ ಬಂದಿದ್ದ.

ಹತ್ತನೆಯವನು ಇಂಜಿನ್ ಆರಿಸಿದ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯನ್ನೇ ನೋಡುತ್ತಾ ಹೇಳಿದ.

“ಫೇಲ್ ಮಾಡ್ತೀರಿ ಅಂತ ಗೊತ್ತಾಯ್ತು ಸಾರ್. ಒಂದೇ ಒಂದು ಹೇಳಿ. ಇದು ಶನಿವಾರದ್ದಾ, ಇವತ್ತಿಂದಾ?”

ಪರೀಕ್ಷಕನಿಗೆ ಕಾರಿನೊಳಗಿನ ಗಾಳಿಯೆಲ್ಲ ಯಾರೋ ಹೀರಿಕೊಂಡಂತಾಯಿತು. ಯಾವ ಶನಿವಾರ ಎಂದು ಕೇಳಬಹುದಾಗಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು, ತನ್ನಲ್ಲಿ ಕೊರತೆ ಎಲ್ಲಿದೆಯೆಂದು ನಿಜವಾಗಿ ತಿಳಿಯಬಯಸುವವನ ಆಸೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಇವತ್ತಿಂದು,” ಎಂದ. “ನೀವು ಹಿಂದೆ ತಿರುಗಿ ನೋಡ್ಲಿಲ್ಲ. ಶನಿವಾರಾನೂ ನೋಡ್ಲಿಲ್ಲ. ಆದ್ರೆ ಶನಿವಾರ ನಾನು ಕೂಗಿದ್ದು ಅದಕ್ಕಲ್ಲ. ಅದು ಬರೀ ಕೊಳಕು ಮಾತು.”

ಹತ್ತನೆಯವನು ಮೊದಲ ಬಾರಿಗೆ ಇವನ ಕಡೆ ತಿರುಗಿದ. ನಗುತ್ತಿದ್ದನೋ ಇಲ್ಲವೋ ಹೇಳುವುದು ಕಷ್ಟ. ಮೂರು ಸಲ ಮುರಿದ ಮೂಗಿರುವ ಮುಖದಲ್ಲಿ ಭಾವನೆಗಳು ಸ್ವಲ್ಪ ಸುತ್ತಿ ಬಳಸಿ ಬರುತ್ತವೆ. ಸಾರ್, ನೋಡಬಾರದು ಅಂತಲೇ ನಮಗೆ ಕಲಿಸುವುದು ಎಂದ. ಕತ್ತು ತಿರುಗಿಸಿದರೆ ಚೆಂಡು ಯಾವ ಕಡೆ ಹೋಗುತ್ತದೆಂದು ಎದುರಾಳಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಕೋಚು ಎರಡು ವರ್ಷ ಗದ್ದಕ್ಕೂ ಎದೆಗೂ ನಡುವೆ ಟವೆಲು ಸಿಕ್ಕಿಸಿ, ಅದು ಬೀಳದ ಹಾಗೆ ಪಾಸು ಕೊಡಿಸಿದ್ದಾರೆ. ಬಿದ್ದರೆ ಮೈದಾನಕ್ಕೆ ಇನ್ನೊಂದು ಸುತ್ತು. ಹಿಂದೆ ಯಾರಿದ್ದಾರೆಂದು ಕಾಲಿನ ಸದ್ದಿನಲ್ಲಿ, ಉಸಿರಿನಲ್ಲಿ ತಿಳಿಯಬೇಕು. ಹನ್ನೆರಡನೆಯವನು ಜಾರಿದ್ದು ಚೆಂಡು ನನ್ನ ಕೈ ಬಿಟ್ಟ ಮೇಲೆ, ಎಂದ. ಹೇಳುವಾಗ ದೂರಿನ ದನಿಯೇ ಇರಲಿಲ್ಲ.

ಪರೀಕ್ಷಕ ಕಣ್ಣು ಮುಚ್ಚಿ ಶನಿವಾರದ ಆ ಗಳಿಗೆಯನ್ನು ಮತ್ತೆ ಓಡಿಸಿ ನೋಡಿದ. ಹೌದು. ಚೆಂಡು ಗಾಳಿಯಲ್ಲಿತ್ತು, ಆಮೇಲೆ ಹನ್ನೆರಡನೆಯವನ ಕಾಲು ಜಾರಿತು. ಮೂರು ವರ್ಷ, ಒಂದೂ ಶನಿವಾರ ತಪ್ಪಿಸದೆ ಕೂತು, ಈ ಹುಡುಗ ಹಿಂದೆ ನೋಡುವುದಿಲ್ಲವೆಂದು, ಅದೊಂದು ತಿದ್ದಿಕೊಂಡರೆ ಎಲ್ಲಿಗೋ ಹೋಗುತ್ತಾನೆಂದು ಅಕ್ಕನೆದುರು, ಬಾಮೈದನೆದುರು ಅದೆಷ್ಟು ಸಲ ಬೆರಳೆತ್ತಿ ಹೇಳಿದ್ದ. ತಿದ್ದಬೇಕೆಂದುಕೊಂಡದ್ದೇ ಅವನು ಬೆವರು ಸುರಿಸಿ ಕಲಿತ ವಿದ್ಯೆ. ಪರೀಕ್ಷಕನಿಗೆ ನಗು ಬಂತು. ಬಿರುಕು ಗಂಟಲಿನಲ್ಲಿ ಆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಹತ್ತನೆಯವನು ಪಟ್ಟಿ ಸುತ್ತಿದ ಕೈಯಲ್ಲಿ ಅವನ ಬೆನ್ನು ತಟ್ಟಿದ. ರಗ್ಬಿ ಆಟಗಾರ ಮೆಲ್ಲಗೆ ತಟ್ಟಿದರೂ ಹಲ್ಲು ಅದುರುತ್ತದೆ. ಅದುರಿದ ಹಲ್ಲಿನ ನಡುವೆಯೇ ಅವನಿಗೆ ಮದ್ದು ಹೊಳೆಯಿತು, ಮತ್ತು ಅದನ್ನು ಹೇಳದೆ ಇರುವುದು ಈಗ ಸಾಧ್ಯವಿರಲಿಲ್ಲ. ನೀವು ಕೂತಿರಿ ಎಂದು ಇಳಿದು, ಕಾರಿನ ಹಿಂದೆ ಒಂದು ಮೂಲೆಗೆ ಹೋಗಿ, ಪ್ಯಾಂಟನ್ನು ಮಂಡಿಯ ಹತ್ತಿರ ತುಸು ಎಳೆದುಕೊಂಡು, ಮಗುವಿನೆತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತ.

“ಕನ್ನಡೀಲಿ ನೋಡಿ. ನಾನು ಕಾಣ್ತೀನಾ?”

“ಇಲ್ಲ ಸಾರ್.”

“ಈಗ ಕತ್ತು ತಿರುಗಿಸಿ.”

ಕಿಟಕಿಯ ಗಾಜಿನಾಚೆ ಆ ಗಟ್ಟಿ ಕುತ್ತಿಗೆ ತಿರುಗಿತು, ತುಕ್ಕು ಹಿಡಿದ ನಲ್ಲಿಯಂತೆ, ಎರಡು ವರ್ಷದ ಟವೆಲನ್ನು ಬೀಳಿಸಿಕೊಳ್ಳುತ್ತಾ. ಕಾಣ್ತೀರಿ ಎಂಬ ಮಾತು ತಡವಾಗಿ ಬಂತು. ಆ ಮುಖದ ಮೇಲಿನ ನಗೆ ಆರಿಹೋಗಿತ್ತು. ಕುಕ್ಕರುಗಾಲಿನಲ್ಲಿ ಕೂತ ಮುದಿ ಅಧಿಕಾರಿಯನ್ನಲ್ಲ, ಇನ್ನೂ ಹುಟ್ಟದ ಯಾರನ್ನೋ ಅವನು ಅಲ್ಲಿ ನೋಡುತ್ತಿದ್ದನೆಂದು ಪರೀಕ್ಷಕನಿಗೆ ಅರ್ಥವಾಯಿತು.

“ಮೈದಾನದಲ್ಲಿ ನೀವು ಎಲ್ಲಿಗೆ ಹೋಗ್ತೀರಿ ಅಂತ ಯಾರಿಗೂ ಗೊತ್ತಾಗಬಾರದು,” ಎಂದ ಪರೀಕ್ಷಕ. “ರಸ್ತೇಲಿ ಎಲ್ಲರಿಗೂ ಗೊತ್ತಾಗಬೇಕು. ಇಲ್ಲಿ ಎದುರಾಳಿ ಅಂತ ಯಾರೂ ಇಲ್ಲ. ಎರಡು ವಾರ ಬಿಟ್ಟು ಬನ್ನಿ.”

ಬಹಳ ಗಂಭೀರವಾಗಿ ಹೇಳಿ ಏಳಲು ಹೋದ. ಏಳಲಾಗಲಿಲ್ಲ. ಮಂಡಿ ಚಿಲಕ ಹಾಕಿಕೊಂಡಿತ್ತು. ಒಂದು ಕೈ ನೆಲಕ್ಕೂರಿ ಇನ್ನೊಂದು ಕೈಯಲ್ಲಿ ಕಾರಿನ ಬಂಪರು ಹಿಡಿದು ಅರ್ಧ ಎದ್ದು ಮತ್ತೆ ಕೂತ. ಕಚೇರಿಯ ಕಿಟಕಿಯಲ್ಲಿ ಒಂದೊಂದಾಗಿ ತಲೆಗಳು ಮೂಡಿದವು, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಕೂತಿದ್ದ ಬೆಂಚಿನ ಮುಖಗಳಿಗೆಲ್ಲ ಒಮ್ಮೆಲೇ ಕಳೆ ಬಂತು. ಹತ್ತನೆಯವನು ಇಳಿದು ಬಂದ. ಬಾಗಿ, ತೋಳುಗಳಡಿ ಕೈ ಹಾಕಿ, ಮೈದಾನದಲ್ಲಿ ಜೊತೆಗಾರರನ್ನು ಚೆಂಡಿಗೆಂದು ಮೇಲೆತ್ತುವ ಹಾಗೆಯೇ ಅವನನ್ನು ಎತ್ತಿದ. ಒಂದು ಕ್ಷಣ ಪರೀಕ್ಷಕನ ಬೂಟುಗಳು ನೆಲ ಬಿಟ್ಟಿದ್ದವು. ಮೂರು ವರ್ಷ ಗ್ಯಾಲರಿಯಲ್ಲಿ ಕೂತು ಕನಸು ಕಂಡದ್ದು ಇದೇ ಇರಬಹುದು, ಆದರೆ ಕನಸಿನಲ್ಲಿ ಇಷ್ಟು ಜನ ನಗುತ್ತಿರಲಿಲ್ಲ. ಮುಖಕ್ಕೆ ರಕ್ತವೇರಿತು. ವಿಚಿತ್ರವೆಂದರೆ ಅದರ ಜೊತೆಯಲ್ಲೇ ಎಲ್ಲೋ ಒಳಗೆ ಹಗುರವೂ ಆಗುತ್ತಿತ್ತು, ಬೆಳಗಿನಿಂದ ಹೊತ್ತುಕೊಂಡು ತಿರುಗುತ್ತಿದ್ದ ಮೂಟೆಯನ್ನು ಯಾರೋ ಕೇಳದೆಯೇ ಇಳಿಸಿಕೊಂಡಂತೆ.

ಹತ್ತನೆಯವನ ಹೆಂಡತಿ ಬೆಂಚಿನಿಂದ ಎದ್ದು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಾ ಬಂದಳು. ದಯವಿಟ್ಟು ನಗಿಸಬೇಡಿ, ಇಲ್ಲೇ ಹೆರಿಗೆಯಾದೀತು ಎಂದಳು. ಗಂಡನ ಮುಖ ನೋಡಿ ಫಲಿತಾಂಶ ತಿಳಿದುಕೊಂಡಳು. ಹಿಂದೆ ನೋಡಲಿಲ್ಲ ತಾನೇ, ತಿಂಗಳಿನಿಂದ ಬಡಕೊಳ್ಳುತ್ತಿದ್ದೇನೆ ಎಂದು ಅವನಿಗೆ ಒಂದು ಏಟು ಹಾಕಿದಳು. ಹತ್ತನೆಯವನು ಪರೀಕ್ಷಕನತ್ತ ಕೈ ತೋರಿಸಿ, ಇವರು ನಮ್ಮ ಆಟ ನೋಡಲು ಬರುತ್ತಾರೆ, ಎಲ್ಲರಿಗಿಂತ ಚೆನ್ನಾಗಿ ನೋಡುತ್ತಾರೆ ಎಂದ. ಅಷ್ಟೇ ಅಂದ. ಅವಳಿಗೆ ಗೊತ್ತಾಗದ ಹಾಗೆ, ಕತ್ತು ತಿರುಗಿಸದೆ, ಪಾಸು ಕೊಟ್ಟಿದ್ದ: ಬೇಕಾದರೆ ಹಿಡಿದುಕೊಳ್ಳಿ, ಬೇಡವಾದರೆ ಬಿಡಿ. ಹೌದಾ ಸಾರ್ ಎಂದು ಅವಳು ಸಂತೋಷದಿಂದ ಇವನ ಕಡೆ ನೋಡಿದಳು. ತಲೆಯಾಡಿಸಿ ಒಳಗೆ ಹೋಗಿ ಮುಂದಿನ ಹಾಳೆ ಎತ್ತಿಕೊಂಡರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಪರೀಕ್ಷಕ ಒಂದು ಹೆಜ್ಜೆ ಹಾಕಿದ್ದೂ ಉಂಟು.

“ಶನಿವಾರ ತೊಟ್ಟಿಲು ಅಂತ ಮೊದಲು ಕೂಗಿದ್ದು ನಾನಮ್ಮ,” ಎಂದ.

ಅವಳ ನಗು ಮುಖದ ಮೇಲೇ ಉಳಿಯಿತು, ಆದರೆ ಅದರ ಒಳಗಿನದೇನೋ ಹೊರಟುಹೋಯಿತು. ಅವಳು ಅಂದು ಮೈದಾನದಲ್ಲೇ ಇದ್ದಳು, ಕೆಳಗೆ ಆಟಗಾರರ ಮನೆಯವರು ಕೂರುವ ಸಾಲಿನಲ್ಲಿ. ಸುತ್ತ ಸಾವಿರಾರು ಜನ ಚಪ್ಪಾಳೆ ಹಾಕುತ್ತಾ ತನ್ನ ಮಗುವಿನ ತೊಟ್ಟಿಲನ್ನು ಕೂಗುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಮೈದಾನದ ಕಡೆಗೆ ಎಸೆದದ್ದು ಅಲ್ಲಿ ಇಂಥವರೊಬ್ಬರ ಮೇಲೆ ಹೋಗಿ ಬಿದ್ದಿರಬಹುದೆಂದು ಈ ಎರಡು ದಿನದಲ್ಲಿ ಒಮ್ಮೆಯೂ ಪರೀಕ್ಷಕನಿಗೆ ಹೊಳೆದಿರ‍ಲಿಲ್ಲ.

“ನಿನ್ನೆ ಇಬ್ಬರೂ ಕೂತು ತೊಟ್ಟಿಲು ಜೋಡಿಸಿದ್ವಿ,” ಎಂದಳು ಅವಳು. “ಮೊಳೆ, ಸ್ಕ್ರೂ ಎಲ್ಲ ಇವರೇ ಹಾಕಿದ್ರು. ತೂಗಿ ನೋಡೋಕೆ ಮಾತ್ರ ಕೈ ಬರ್ಲಿಲ್ಲ ಇವರಿಗೆ. ನಾನೂ ಹೇಳ್ಲಿಲ್ಲ.”

ಹತ್ತನೆಯವನು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ನೆಲ ನೋಡಿದ. ಪರೀಕ್ಷಕನೂ ನೆಲ ನೋಡಿದ. ತಪ್ಪಾಯಿತು ಎಂದ; ದನಿ ಹೊರಡಲಿಲ್ಲ, ಇನ್ನೊಮ್ಮೆ ಎಂದ. ಬೆಂಚಿನ ಮೇಲಿದ್ದವರಿಗೂ ಕೇಳಿಸಿರಬೇಕು. ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು, ನಿಧಾನವಾಗಿ, ಒಂದನ್ನೂ ಬಿಡದೆ: ಧೂಳಾದ ಮಂಡಿ, ಸೊಂಟದಿಂದ ಹೊರಬಂದ ಷರ್ಟು, ಜೇಬಿಗೆ ಸಿಕ್ಕಿಸಿದ ಪೆನ್ನು. ಇಷ್ಟು ವರ್ಷ ತನ್ನ ಪಕ್ಕದಲ್ಲಿ ಕೂತವರಿಗೆ ಏನಾಗುತ್ತಿತ್ತೆಂದು ಅವನಿಗೆ ಗೊತ್ತಾಯಿತು. ಇವರು ನನ್ನ ಬಗ್ಗೆ ಏನು ಬರೆದುಕೊಳ್ಳುತ್ತಿದ್ದಾರೋ ಎಂಬ ದಿಗಿಲು.

“ಗಂಟಲು ಚೆನ್ನಾಗಿದೆ,” ಎಂದಳು ಕೊನೆಗೆ. “ಧೈರ್ಯಾನೂ ಇದೆ, ಇಲ್ಲ ಅನ್ನಲ್ಲ. ಬಾಯಿ ಬಿಡೋಕೆ ಮುಂಚೆ ಅಲ್ಲಿ ಯಾರಿದಾರೆ ಅಂತ ನೋಡೋ ಅಭ್ಯಾಸ ಮಾತ್ರ ಆಗಿಲ್ಲ. ಇವತ್ತಿಗೆ ಫೇಲು. ಎರಡು ವಾರ ಬಿಟ್ಟು ಬನ್ನಿ.”

“ಎಲ್ಲಿಗೆ ಬರ್ಲಮ್ಮ, ಮೈದಾನಕ್ಕಾ?”

“ಮನೆಗೆ,” ಎಂದಳು. “ಅಷ್ಟೊತ್ತಿಗೆ ಮಗು ಬಂದಿರುತ್ತೆ. ಇವರು ಅಭ್ಯಾಸಕ್ಕೆ ಹೋಗ್ತಾರೆ, ನಾನು ಸ್ವಲ್ಪ ಮಲಗಬೇಕು. ತೊಟ್ಟಿಲು ತೂಗೋಕೆ ಒಬ್ಬರು ಬೇಕು.”

ಹತ್ತನೆಯವನು ಜೋರಾಗಿ ನಕ್ಕುಬಿಟ್ಟ. ಪರೀಕ್ಷಕ ನಗಲಿಲ್ಲ. ಅವನು ಆಗಲೇ ತೂಗುವಾಗ ಮಣಿಕಟ್ಟನ್ನು ಎಷ್ಟು ಸಡಿಲ ಬಿಡಬೇಕು, ನಿದ್ದೆ ಹತ್ತಿದ ಮೇಲೆ ಕೈಯನ್ನು ಹೇಗೆ ತೆಗೆಯಬೇಕು ಎಂದು ಯೋಚಿಸತೊಡಗಿದ್ದ, ಮತ್ತು ಇದರಲ್ಲಿ ಮಾತ್ರ ಪಾಸಾಗಲೇಬೇಕೆಂದು ಅವನಿಗೆ ತುಂಬ ಆಸೆಯಾಯಿತು.

“ಆಗ್ಲಮ್ಮ,” ಎಂದ. “ಬರ್ತೀನಿ.”